ಕಲ್ಲನ್ನು ಓದಲು ಕಲಿಸಿದ ಹೆಡ್‌ಮಾಸ್ತರು: ಬಿ. ಎಲ್. ರೈಸ್

ನಮ್ಮ ಸರ್ಕಾರಿ ಪ್ರೌಢಶಾಲೆಗೆ 50 ವರ್ಷ ತುಂಬಿದೆ. ಶಾಲೆಗೆ ಜಾಗ ಕೊಟ್ಟವರನ್ನು, ಕಟ್ಟಡಕ್ಕೆ ದುಡಿದವರನ್ನು, ಇಲ್ಲಿ ಪಾಠ ಹೇಳಿ ಹೋದ ಗುರುಗಳನ್ನು ಈ ಸಂಚಿಕೆಯಲ್ಲಿ ಅನೇಕರು ನೆನೆದಿದ್ದಾರೆ. ನಾನು ನೆನೆಯಲು ಹೊರಟಿರುವುದು ನಮ್ಮ ಶಾಲೆಗೆ ಸೇರದ ಇನ್ನೊಬ್ಬ ಹೆಡ್‌ಮಾಸ್ತರನ್ನು. ಅವರು ತೀರಿಕೊಂಡು ನೂರು ವರ್ಷದ ಹತ್ತಿರವಾಗಿದೆ. ಆದರೂ ಈ ಶಾಲೆಯಲ್ಲಿ ನಾನು ಮೇಷ್ಟ್ರಾಗಿ ಕಲಿತದ್ದರಲ್ಲಿ ದೊಡ್ಡ ಪಾಲು ಅವರಿಂದಲೇ ಬಂದದ್ದು.

ಅದರ ಕಾರಣ ಮೊದಲು ಹೇಳಿಬಿಡುತ್ತೇನೆ. ನಾನು ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನು. ಸೇರಿದ ಹೊಸದರಲ್ಲಿ ಎಲ್ಲರಂತೆ ನೋಟ್ಸ್ ಬರೆಸುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಿದ್ದರು. ಒಂದು ದಿನ ಒಂಬತ್ತನೇ ತರಗತಿಯಲ್ಲಿ ಗಂಗರ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಸಾವಿರ ವರ್ಷದ ಹಿಂದಿನ ರಾಜ ಯಾವ ಇಸವಿಯಲ್ಲಿ ಆಳುತ್ತಿದ್ದನೆಂದು ಹೇಗೆ ಗೊತ್ತಾಯಿತು ಎಂದು ಕೇಳಿದ. ಪುಸ್ತಕದಲ್ಲಿದೆ ಎಂದು ಹೇಳಿ ಅವನನ್ನು ಕೂರಿಸಿದೆ. ಅವನು ಕೂತ. ಆದರೆ ನನ್ನ ಉತ್ತರ ನನ್ನನ್ನೇ ಚುಚ್ಚತೊಡಗಿತು. ಅವನು ಕೇಳಿದ್ದು, ಪುಸ್ತಕದವರಿಗೆ ಅದು ಹೇಗೆ ಗೊತ್ತಾಯಿತು ಎಂದು. ಅದಕ್ಕೆ ಸರಿಯಾದ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಹೆಸರು ಬೆಂಜಮಿನ್ ಲೂಯಿಸ್ ರೈಸ್.

ಬೆಂಗಳೂರಿನಲ್ಲಿ ಹುಟ್ಟಿದ ಬಾಲಕ

ರೈಸ್ ಅವರು ಹುಟ್ಟಿದ್ದು 1837ರ ಜುಲೈ 17ರಂದು, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿಗಳು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಬಾಲಕನನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಓದು ಮುಗಿಸಿ 1860ರಲ್ಲಿ ಬೆಂಗಳೂರಿಗೆ ಮರಳಿದಾಗ ಅವರಿಗೆ ಸಿಕ್ಕ ಕೆಲಸ ಸರ್ಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರದು. ಆಗ ಅವರಿಗೆ 23 ವರ್ಷ. ಆ ಹೈಸ್ಕೂಲೇ ಮುಂದೆ ಬೆಳೆದು ಸೆಂಟ್ರಲ್ ಕಾಲೇಜಾಯಿತು. ಹಾಗಾಗಿ ರೈಸ್ ಅವರನ್ನು ನಾವು ಶಾಸನ ಪಿತಾಮಹ ಎಂದು ಎಷ್ಟೇ ಕರೆದರೂ, ಅವರು ಮೊದಲು ಹೈಸ್ಕೂಲು ಮೇಷ್ಟ್ರು ಎಂಬುದನ್ನು ಮರೆಯಬಾರದು.

1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಆದರು. 1868ರಲ್ಲಿ ವಿದ್ಯಾ ಇಲಾಖೆಯ ನಿರ್ದೇಶಕರ ಸ್ಥಾನದಲ್ಲಿ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದಾಗ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ಸರ್ಕಾರದ ಮುಂದಿಟ್ಟರು. ಊರಿನವರು ಶಾಲೆಗೆ ಕಟ್ಟಡ ಒದಗಿಸಬೇಕು, ಸರ್ಕಾರ ತರಬೇತಿ ಪಡೆದ ಉಪಾಧ್ಯಾಯರನ್ನು ಕೊಡಬೇಕು ಎಂಬುದು ಅದರ ಸಾರ. ಊರಿನ ಜನ ಮುಂದೆ ಬಂದು ಜಾಗ ಕೊಟ್ಟು, ಗೋಡೆ ಎಬ್ಬಿಸಿ, ಸರ್ಕಾರದಿಂದ ಮೇಷ್ಟ್ರನ್ನು ಕೇಳಿ ಪಡೆಯುವ ವಾಡಿಕೆ ನಮ್ಮ ಸೀಮೆಗೆ ಹೊಸದಲ್ಲ. ಅದಕ್ಕೆ ನೂರೈವತ್ತು ವರ್ಷದ ಹಿನ್ನೆಲೆಯಿದೆ.

ಶಾಲೆ ನೋಡಲು ಹೋದವರು ಕಲ್ಲು ನೋಡಿದರು

ಇನ್‌ಸ್ಪೆಕ್ಟರ್ ಕೆಲಸವೆಂದರೆ ಊರೂರು ತಿರುಗುವುದು. ಆ ಕಾಲದಲ್ಲಿ ನಮ್ಮ ಭಾಗದ ಹೆಚ್ಚಿನ ಊರುಗಳಿಗೆ ಸರಿಯಾದ ರಸ್ತೆಯೇ ಇರಲಿಲ್ಲ. ಶಾಲೆಯ ತನಿಖೆಗೆಂದು ಹೋದ ಕಡೆಯೆಲ್ಲ ರೈಸ್ ಅವರ ಕಣ್ಣಿಗೆ ಬರಹವಿದ್ದ ಕಲ್ಲುಗಳು ಬೀಳುತ್ತಿದ್ದವು. ದೇವಸ್ಥಾನದ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರಬಾಗಿಲಲ್ಲಿ ಅವು ನಿಂತಿದ್ದವು. ಊರಿನವರು ಅವುಗಳಿಗೆ ಎಣ್ಣೆ ಹಚ್ಚಿ ಕೈ ಮುಗಿಯುತ್ತಿದ್ದರು. ನಿಧಿಯ ಗುಟ್ಟು ಬರೆದಿದೆ ಎಂಬ ನಂಬಿಕೆಯೂ ಇತ್ತು. ಓದಬಲ್ಲವರು ಮಾತ್ರ ತೀರ ಕಡಿಮೆ. ಅಕ್ಷರ ಕನ್ನಡದ್ದೇ ಆದರೂ ಅದರ ರೂಪ ಹಳೆಯದು, ಭಾಷೆಯೂ ಹಳಗನ್ನಡ.

ಅದೇ ವೇಳೆಗೆ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯ ಸುಮಾರು 150 ಶಾಸನಗಳ ಫೋಟೋ ತೆಗೆದಿದ್ದರು. ಆ ಚಿತ್ರಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಒಪ್ಪಿಕೊಂಡ ಮೇಲೆಯೇ ಅದರ ಕಷ್ಟ ತಿಳಿದದ್ದು. ಕೆಲವು ಅಕ್ಷರಗಳು ಈಗ ಬಳಕೆಯಲ್ಲೇ ಇಲ್ಲ. ಪದಗಳ ನಡುವೆ ಜಾಗ ಬಿಟ್ಟಿಲ್ಲ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಅರ್ಥ ನೋಡಿಯೇ ತೀರ್ಮಾನಿಸಬೇಕು. ಪಂಡಿತರ ನೆರವು ಪಡೆದು, ಗೊತ್ತಿದ್ದ ಅಕ್ಷರದಿಂದ ಗೊತ್ತಿಲ್ಲದ ಅಕ್ಷರಕ್ಕೆ ದಾರಿ ಮಾಡಿಕೊಳ್ಳುತ್ತ ಓದಿದರು. ಇದರ ಫಲವಾಗಿ ಮೈಸೂರು ಶಾಸನಗಳ ಮೊದಲ ಸಂಗ್ರಹ 1879ರಲ್ಲಿ ಹೊರಬಂತು. ಈ ನಡುವೆಯೇ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನೂ ಬರೆದು ಮುಗಿಸಿದ್ದರು.

ಫೋಟೋ ನೋಡಿ ಓದಿದ್ದು ಅವರಿಗೆ ಸಾಲದೆನಿಸಿತು. ನೆರಳು ಬಿದ್ದ ಕಡೆ ಗೀರೂ ಅಕ್ಷರದಂತೆ ಕಾಣುತ್ತದೆ, ಅಕ್ಷರವೂ ಗೀರಿನಂತೆ ಕಾಣುತ್ತದೆ. ಕಲ್ಲಿದ್ದಲ್ಲಿಗೇ ಹೋಗಿ, ಕಲ್ಲಿನಿಂದಲೇ ಪಡಿಯಚ್ಚು ತೆಗೆದು ಓದಬೇಕು. ಪಡಿಯಚ್ಚು ತೆಗೆಯುವ ಕ್ರಮ ಹೀಗೆ: ಕಲ್ಲನ್ನು ತೊಳೆದು, ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ಕಲ್ಲಿನ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮೈಸೂರು ಸಂಸ್ಥಾನ ಪುರಾತತ್ತ್ವ ಇಲಾಖೆ ತೆರೆದಾಗ ಅದರ ಹೊಣೆ ರೈಸ್ ಅವರಿಗೇ ಬಂತು. 1890ರಿಂದ ಅದೇ ಅವರ ಪೂರ್ಣಾವಧಿಯ ಕೆಲಸವಾಯಿತು.

ಎಪಿಗ್ರಾಫಿಯಾ ಕರ್ನಾಟಿಕಾ

ಕೊಡಗಿನ ಶಾಸನಗಳ ಸಂಪುಟ 1886ರಲ್ಲಿ, ಶ್ರವಣಬೆಳಗೊಳದ ಸಂಪುಟ 1889ರಲ್ಲಿ ಅಚ್ಚಾದವು. ಆಮೇಲೆ ಜಿಲ್ಲೆಗೊಂದು ಎರಡರಂತೆ, 1905ರ ವೇಳೆಗೆ ಒಟ್ಟು 12 ಸಂಪುಟಗಳು. ಅವುಗಳಲ್ಲಿರುವ ಶಾಸನಗಳು 8869. ಅಶೋಕನ ಕಾಲದಿಂದ ಹಿಡಿದು ಹತ್ತೊಂಬತ್ತನೆಯ ಶತಮಾನದವರೆಗೆ, ಎರಡು ಸಾವಿರ ವರ್ಷಕ್ಕೂ ಮೀರಿದ ಬರಹ ಅದು.

ಮೇಷ್ಟ್ರಾದವರು ಈ ಸಂಪುಟಗಳ ಜೋಡಣೆಯನ್ನು ಗಮನಿಸಬೇಕು. ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಕಲ್ಲು ಯಾವ ಊರಿನಲ್ಲಿ ಯಾವ ಜಾಗದಲ್ಲಿದೆ ಎಂದು ಬರೆದಿದ್ದಾರೆ. ಮೂಲಪಾಠವನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಟ್ಟು, ಅನುವಾದವನ್ನು ಬೇರೆಯಾಗಿ ಕೊಟ್ಟಿದ್ದಾರೆ. ಅಕ್ಷರ ಅಳಿಸಿಹೋದ ಕಡೆ ಚುಕ್ಕೆ ಇಟ್ಟಿದ್ದಾರೆ. ಅಂದರೆ ಇದು ನಾನು ಓದಿದ್ದು, ಇದು ನನಗೆ ಅರ್ಥವಾದದ್ದು, ಇದು ನನಗೆ ಓದಲಾಗದ್ದು ಎಂದು ಮೂರನ್ನೂ ಬೇರೆ ಬೇರೆ ತೋರಿಸಿದ್ದಾರೆ. ಸಂಶಯವಿದ್ದವರು ಅದೇ ಊರಿಗೆ ಹೋಗಿ ಅದೇ ಕಲ್ಲನ್ನು ನೋಡಿ ತಪ್ಪಿದ್ದರೆ ತಿದ್ದಬಹುದು. ಸಂಶೋಧನೆ ಎಂದರೆ ಇದೇ. ದೊಡ್ಡ ಪದವೆಂದು ಹೈಸ್ಕೂಲು ಮಕ್ಕಳು ಅದಕ್ಕೆ ಹೆದರಬೇಕಾಗಿಲ್ಲ.

ಒಂದು ನಾಯಿ, ಒಂದು ಇಸವಿ

ಮಕ್ಕಳಿಗೆ ತೋರಿಸಲು ನಾನು ಸದಾ ಆರಿಸಿಕೊಳ್ಳುತ್ತಿದ್ದುದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಈ ಸಂಪುಟಗಳಲ್ಲಿ ಅದೂ ಇದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಬೂತುಗನ ಸೇವಕ ಮಣಲೇರನೆಂಬ ವೀರ, ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಹೋರಾಡಿತು. ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಅದೇ ಕಲ್ಲಿನಲ್ಲಿ ತಕ್ಕೋಲದ ಯುದ್ಧದ, ಚೋಳ ರಾಜಾದಿತ್ಯನ ಸಾವಿನ ಸಂಗತಿಯೂ ಇದೆ.

ನಾಯಿಯ ಕಥೆ ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಆಮೇಲೆ ಇಸವಿಯ ಲೆಕ್ಕಕ್ಕೆ ಬರುತ್ತಿದ್ದೆ. ಶಾಸನದಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬುದು ನೋಟ್ಸಿನಲ್ಲಿರುವ ಸೂತ್ರ. ಕೂಡಿಸಿದರೆ 950. ಆದರೆ ಪ್ರಭವದಿಂದ ಎಣಿಸುವ ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಸೌಮ್ಯ 43ನೆಯದು. ಈಚಿನ ಪ್ರಭವ 1987ರ ಯುಗಾದಿಗೆ ಬಂತು. ಅಲ್ಲಿಂದ ಅರವತ್ತರಂತೆ ಹಿಂದೆ ಹೋದರೆ 907ರ ಯುಗಾದಿಗೂ ಪ್ರಭವವೇ. ಅದಕ್ಕೆ 42 ಕೂಡಿಸಿದರೆ ಸೌಮ್ಯ ಶುರುವಾದದ್ದು 949ರಲ್ಲಿ. ಒಂದು ವರ್ಷದ ವ್ಯತ್ಯಾಸ ಎಲ್ಲಿಂದ ಬಂತು? 872 ಎಂಬುದು ಕಳೆದ ವರ್ಷಗಳ ಸಂಖ್ಯೆಯಲ್ಲ, ಆಗ ನಡೆಯುತ್ತಿದ್ದ ವರ್ಷ. ಕಳೆದವು 871. ಅದಕ್ಕೆ 78 ಸೇರಿಸಿದರೆ ಸರಿಯಾಗಿ 949. ಪಂಚಾಂಗ ನೋಡಬಲ್ಲ ಅಜ್ಜಂದಿರಿರುವ ಮನೆಯ ಮಕ್ಕಳು ಇದನ್ನು ಬೇಗ ಬಿಡಿಸುತ್ತಿದ್ದರು. ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಇಸವಿ ಪುಸ್ತಕದಲ್ಲಿ ಹುಟ್ಟುವುದಿಲ್ಲ. ಯಾರೋ ಒಂದೊಂದು ಪದಕ್ಕೂ ನಿಂತು, ಎರಡು ಕಡೆಯಿಂದ ಲೆಕ್ಕ ಹಾಕಿ, ತಾಳೆ ನೋಡಿ ಬರೆಯುತ್ತಾರೆ.

ಬಂಡೆಯ ಮೇಲಿನ ಕೊನೆಯ ಪದ

1892ರಲ್ಲಿ ರೈಸ್ ಅವರಿಗೆ ಜೀವಮಾನದ ದೊಡ್ಡ ಲಾಭ ದೊರೆಯಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಮೌರ್ಯರ ಆಳ್ವಿಕೆ ಈ ಸೀಮೆಯವರೆಗೆ ಹಬ್ಬಿತ್ತು ಎಂಬುದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಸಿಕ್ಕಿತು. ಸುವರ್ಣಗಿರಿಯಲ್ಲಿದ್ದ ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ.

ಶಾಸನದ ಲಿಪಿ ಬ್ರಾಹ್ಮಿ, ಎಡದಿಂದ ಬಲಕ್ಕೆ ಬರೆಯುವಂಥದು. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ ಎಂದು. ಅವನು ಲಿಪಿಕಾರನೆಂದು ತಿಳಿಸುವ ಪದ ಮಾತ್ರ ಬೇರೆ ಲಿಪಿಯಲ್ಲಿದೆ. ಅದು ಖರೋಷ್ಠಿ, ಬಲದಿಂದ ಎಡಕ್ಕೆ ಬರೆಯುವಂಥದು, ದೂರದ ವಾಯವ್ಯ ಭಾರತದ ಗಾಂಧಾರದ ಕಡೆ ಬಳಕೆಯಲ್ಲಿದ್ದದ್ದು. ಅವಸರದಲ್ಲಿ ಓದುವವರು ಅದನ್ನು ಯಾವುದೋ ಗೀರೆಂದು ಬಿಟ್ಟುಬಿಡುತ್ತಿದ್ದರು. ವಿದ್ವಾಂಸರು ಬಿಡಲಿಲ್ಲ. ಆ ಒಂದು ಪದದಿಂದ ಗಾಂಧಾರದ ಲಿಪಿ ಬಲ್ಲವನೊಬ್ಬ ಚಿತ್ರದುರ್ಗದ ಬಂಡೆಗಳವರೆಗೆ ಬಂದಿದ್ದನೆಂದು ಊಹಿಸುವ ದಾರಿ ತೆರೆಯಿತು. ಒಂದು ಪಠ್ಯವನ್ನು ಕೊನೆಯ ಅಕ್ಷರದವರೆಗೆ ಏಕೆ ಓದಬೇಕೆಂದು ಕೇಳುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತಿದ್ದೆ.

ತಿದ್ದಿಸಿಕೊಂಡ ಗುರು

ರೈಸ್ ಅವರು ಓದಿದ್ದೆಲ್ಲ ಸರಿ ಎಂದಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಬಹಳ ಹಳೆಯ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ಹನ್ನೆರಡು ವರ್ಷದ ಬರಗಾಲ ಬರುವುದೆಂದು ಮೊದಲೇ ತಿಳಿಸಿದ್ದು, ಜೈನ ಸಂಘ ದಕ್ಷಿಣಕ್ಕೆ ನಡೆದದ್ದು, ಪ್ರಭಾಚಂದ್ರರೆಂಬ ಆಚಾರ್ಯರು ಈ ಬೆಟ್ಟದಲ್ಲಿ ಸಮಾಧಿಮರಣ ಹೊಂದಿದ್ದು ಅದರ ವಿಷಯ. ಈ ಪ್ರಭಾಚಂದ್ರರೇ ದೀಕ್ಷೆ ಪಡೆದ ಚಂದ್ರಗುಪ್ತ ಮೌರ್ಯ ಎಂದು ರೈಸ್ ಅವರು ಸ್ಥಳೀಯ ಐತಿಹ್ಯದೊಂದಿಗೆ ಸೇರಿಸಿ ಅರ್ಥ ಮಾಡಿದರು. ಬೊಂಬಾಯಿ ಪ್ರಾಂತದ ಶಾಸನತಜ್ಞ ಜೆ. ಎಫ್. ಫ್ಲೀಟ್ ಒಪ್ಪಲಿಲ್ಲ. ಶಾಸನದಲ್ಲಿ ಮೊದಲ ಭದ್ರಬಾಹುವಿನ ನಂತರ ಅನೇಕ ಗುರುಗಳ ಹೆಸರು ಬಂದು, ಆಮೇಲೆ ಬರಗಾಲದ ಮಾತು ಬರುತ್ತದೆ, ಆದ್ದರಿಂದ ಅದನ್ನು ಹೇಳಿದ ಭದ್ರಬಾಹು ಬೇರೆಯವರು ಎಂದು ಅವರು ವಾದಿಸಿದರು. ಕಲ್ಲು ಒಂದೇ, ಸಾಲುಗಳು ಅವೇ, ಓದು ಎರಡು. ಅಕ್ಷರದ ರೂಪ ನೋಡಿ ಮುಂದಿನ ವಿದ್ವಾಂಸರು ಆ ಶಾಸನ ಸುಮಾರು ಕ್ರಿ.ಶ. 600ರದು ಎಂದು ನಿರ್ಧರಿಸಿದರು. ಚಂದ್ರಗುಪ್ತನ ಕಾಲಕ್ಕೂ ಅದಕ್ಕೂ ಎಂಟು ಒಂಬತ್ತು ನೂರು ವರ್ಷದ ಅಂತರವಿದೆ. ಐತಿಹ್ಯ ಸುಳ್ಳೆಂದು ಅದರಿಂದ ಸಾಬೀತಾಗುವುದಿಲ್ಲ. ಈ ಒಂದು ಕಲ್ಲಿನಿಂದಲೇ ಅದು ನಿಜವೆಂದೂ ಸಾಬೀತಾಗುವುದಿಲ್ಲ. ಪಠ್ಯ ಏನು ಹೇಳುತ್ತದೆ, ನಾವು ಅದಕ್ಕೆ ಏನು ಸೇರಿಸುತ್ತಿದ್ದೇವೆ ಎಂಬ ಗೆರೆಯನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಗಂಗರ ತಾಮ್ರಪಟಗಳ ವಿಷಯದಲ್ಲೂ ಇಬ್ಬರಿಗೂ ದೀರ್ಘ ವಾದ ನಡೆಯಿತು. ಹೇಳಿಕೊಂಡ ಕಾಲಕ್ಕೂ ಅಕ್ಷರದ ರೂಪಕ್ಕೂ ಹೊಂದದ ಪಟಗಳು ಕೂಟಶಾಸನಗಳು, ಅಂದರೆ ಆಮೇಲೆ ಯಾರೋ ಹುಟ್ಟಿಸಿದವು ಎಂದು ಫ್ಲೀಟ್ ಹೇಳಿದರು. ರೈಸ್ ಅವರು ಅವುಗಳನ್ನು ನಂಬಿ ಗಂಗರ ಆರಂಭವನ್ನು ಬಹಳ ಹಿಂದಕ್ಕೆ ಒಯ್ದರು. ಮುಂದೆ ವಿದ್ವಾಂಸರು ಅಸಲಿ ಯಾವುದು ನಕಲಿ ಯಾವುದು ಎಂದು ಬಿಡಿಸಿ, ಗಂಗರ ಆರಂಭವನ್ನು ನಾಲ್ಕನೆಯ ಶತಮಾನಕ್ಕೆ ತಂದರು. ರೈಸ್ ಅವರು ಇಲ್ಲಿ ಎಡವಿದ್ದು ನಿಜ. ಆದರೆ ಅವರನ್ನು ತಿದ್ದಲು ಬೇಕಾದ ಮೂಲಪಾಠಗಳನ್ನು ಅಚ್ಚು ಮಾಡಿ ಎದುರಿಗಿಟ್ಟವರಲ್ಲಿ ಅವರೂ ಒಬ್ಬರು.

1906ರಲ್ಲಿ ಅವರು ನಿವೃತ್ತರಾದಾಗ ಆ ಹುದ್ದೆಗೆ ಬಂದವರು ಕವಿಚರಿತೆಯ ಆರ್. ನರಸಿಂಹಾಚಾರ್ಯರು. ಅವರು ಗುರು ನೋಡಿದ ಬೆಟ್ಟವನ್ನೇ ಮತ್ತೆ ಹತ್ತಿದರು. ರೈಸ್ ಅವರ ಶ್ರವಣಬೆಳಗೊಳ ಸಂಪುಟದಲ್ಲಿ ಇದ್ದದ್ದು 144 ಶಾಸನ. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ 500. ಒಮ್ಮೆ ಓದಿದ್ದು ಮುಗಿಯಿತು ಎಂದುಕೊಳ್ಳಬಾರದೆಂಬುದಕ್ಕೆ ಈ ಎರಡು ಅಂಕಿ ಸಾಕು.

ಶಾಸನದ ಜೊತೆಯಲ್ಲಿ ರೈಸ್ ಅವರು ಓಲೆಗರಿಯ ಗ್ರಂಥಗಳನ್ನೂ ಹುಡುಕಿಸಿದರು. ಅವರ ಗ್ರಂಥಮಾಲೆಯಲ್ಲಿ ಪಂಪಭಾರತ 1898ರಲ್ಲಿ ಅಚ್ಚಾಯಿತು. ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗವೂ ಅದೇ ವರ್ಷ ಹೊರಬಂತು. ಇಂದು ನಮ್ಮ ಮಕ್ಕಳು ಆದಿಕವಿ ಪಂಪನ ಹೆಸರು ಹೇಳುತ್ತಾರೆ. ಆ ಕಾವ್ಯ ಓಲೆಗರಿಯಿಂದ ಅಚ್ಚಿಗೆ ಬಂದ ದಾರಿಯಲ್ಲಿ ಈ ಹಳೆಯ ಹೆಡ್‌ಮಾಸ್ತರರ ಕೈಯಿತ್ತು. ಅವರ ಬೆನ್ನಿಗೆ ಪಂಡಿತರೂ, ಲಿಪಿಕಾರರೂ, ಬಿಸಿಲಲ್ಲಿ ನಿಂತು ಪಡಿಯಚ್ಚು ತೆಗೆದ ನೌಕರರೂ ಇದ್ದರು ಎಂಬುದನ್ನೂ ನೆನೆಯಬೇಕು. ನಿವೃತ್ತಿಯ ನಂತರ ಇಂಗ್ಲೆಂಡಿಗೆ ಹೋದ ರೈಸ್ ಅವರು, ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಇತಿಹಾಸವನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಅಲ್ಲಿಯ ಹ್ಯಾರೋ ಎಂಬಲ್ಲಿ ತೀರಿಕೊಂಡರು. ಇನ್ನೊಂದು ವಾರ ಕಳೆದಿದ್ದರೆ 90 ತುಂಬುತ್ತಿತ್ತು.

ನಮ್ಮ ಕೆರೆ ಏರಿಯ ಕಲ್ಲು

ಇಷ್ಟೆಲ್ಲ ತಿಳಿದುಕೊಂಡ ಮೇಲೆ ಒಂದು ಶನಿವಾರ ಒಂಬತ್ತನೇ ತರಗತಿಯ ಮಕ್ಕಳನ್ನು ನಮ್ಮ ಕೆರೆ ಏರಿಯ ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಶಾಸನ ಓದಲು ಬೆಳಗಿನ ಓರೆ ಬಿಸಿಲು ಒಳ್ಳೆಯದು, ಅಕ್ಷರದ ಗುಳಿಯಲ್ಲಿ ನೆರಳು ನಿಲ್ಲುತ್ತದೆ. ಕಲ್ಲಿನ ತುದಿಯಲ್ಲಿ ಸೂರ್ಯ ಚಂದ್ರರಿದ್ದರು. ಅವರಿರುವ ತನಕ ಈ ದಾನ ನಡೆಯಲಿ ಎಂಬುದು ಅದರ ಅರ್ಥವೆಂದು ಹೇಳಿದೆ. ಮಕ್ಕಳು ನೀರು ಹಾಕಿ ತೊಳೆದು, ಒಂದೊಂದೇ ಅಕ್ಷರ ನೋಡಿ ಹಾಳೆಯ ಮೇಲೆ ಬರೆದುಕೊಂಡರು. ತಿಳಿಯದ ಕಡೆ ಊಹಿಸಬೇಡಿ, ಚುಕ್ಕೆ ಇಡಿ ಎಂದಿದ್ದೆ. ಎರಡು ಗಂಟೆಯಲ್ಲಿ ನಾಲ್ಕು ಸಾಲೂ ಮುಗಿಯಲಿಲ್ಲ. ಮನೆಗೆ ಹೋಗಲು ಯಾರೂ ಅವಸರ ಮಾಡಲೂ ಇಲ್ಲ.

ಮುಂದಿನ ವಾರ ನಮ್ಮ ತಾಲ್ಲೂಕಿನ ಶಾಸನಗಳಿರುವ ಸಂಪುಟದ ಪುಟವನ್ನು ತಂದು ಅವರ ಹಾಳೆಗಳ ಪಕ್ಕದಲ್ಲಿಟ್ಟೆ. ಮಕ್ಕಳು ಚುಕ್ಕೆ ಇಟ್ಟ ಎಷ್ಟೋ ಕಡೆ ಪುಸ್ತಕದಲ್ಲಿ ಅಕ್ಷರಗಳಿದ್ದವು. ಕೊನೆಯ ಭಾಗಕ್ಕೆ ಬಂದಾಗ ಒಬ್ಬ ಹುಡುಗಿ, ಪುಸ್ತಕದಲ್ಲಿ ಎರಡು ಸಾಲು ಹೆಚ್ಚಿಗೆ ಇವೆ, ಕಲ್ಲಿನಲ್ಲಿ ಅವು ಇಲ್ಲವೇ ಇಲ್ಲ ಎಂದು ತೋರಿಸಿದಳು. ಮತ್ತೆ ಹೋಗಿ ನೋಡಿದೆವು. ಅವಳು ಹೇಳಿದ್ದು ಸರಿ. ಕಲ್ಲಿನ ಕೆಳ ಅಂಚು ಒಡೆದುಹೋಗಿತ್ತು. ನೂರು ವರ್ಷದ ಹಿಂದೆ ಓದಲು ಸಿಕ್ಕ ಎರಡು ಸಾಲು ನಮ್ಮ ಕಾಲದಲ್ಲಿ ಇಲ್ಲವಾಗಿದ್ದವು. ಆ ಕಲ್ಲಿನ ಮೇಲೆ ಬಟ್ಟೆ ಒಗೆದವರು, ಕತ್ತಿ ಮಸೆದವರು, ಅದರ ಮೇಲೆ ಕೂತು ಹರಟೆ ಹೊಡೆದವರು ನಾವೇ. ನಾನೂ ಚಿಕ್ಕಂದಿನಲ್ಲಿ ಅದರ ಮೇಲೆ ಕೂತು ಗಾಳ ಹಾಕಿದ್ದೇನೆ. ಆ ಎರಡು ಸಾಲು ಈಗ ಉಳಿದಿರುವುದು ಪುಸ್ತಕದಲ್ಲಿ ಮಾತ್ರ.

ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ದೇವಸ್ಥಾನ ಜೀರ್ಣೋದ್ಧಾರ ಮಾಡುವಾಗ, ರಸ್ತೆ ಅಗಲ ಮಾಡುವಾಗ, ಮನೆಗೆ ಪಾಯ ತೆಗೆಯುವಾಗ ಬರಹವಿರುವ ಕಲ್ಲು ಸಿಕ್ಕರೆ ಒಡೆಯಬೇಡಿ. ಅದಕ್ಕೆ ಬಣ್ಣ ಬಳಿಯಬೇಡಿ, ಸಿಮೆಂಟು ಮೆತ್ತಬೇಡಿ. ಶಾಲೆಗೆ ಒಂದು ಮಾತು ತಿಳಿಸಿ. ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು 1970ರ ದಶಕದಿಂದ ಹೊರತರುತ್ತ ಬಂದಿದೆ. ಸುವರ್ಣ ಮಹೋತ್ಸವದ ಕಾಣಿಕೆಯಾಗಿ ನಮ್ಮ ಭಾಗದ ಸಂಪುಟವೊಂದು ಶಾಲೆಯ ಗ್ರಂಥಾಲಯಕ್ಕೆ ಬಂದರೆ ಬೇರೆ ಉಡುಗೊರೆ ಬೇಡ.

ಶಿಕ್ಷಕ ಮಿತ್ರರಿಗೂ ಒಂದು ಮಾತು. ವರ್ಷಕ್ಕೆ ಒಂದೇ ಒಂದು ಶನಿವಾರ ಸಾಕು. ಒಂದು ಕಲ್ಲು, ಇಲ್ಲವೇ ಮನೆಯಲ್ಲಿರುವ ಹಳೆಯ ಕಾಗದಪತ್ರ, ಪಾಠದ ಒಂದೇ ಒಂದು ಪುಟವಾದರೂ ಆದೀತು. ಮಕ್ಕಳು ಅದನ್ನು ನಿಧಾನವಾಗಿ, ಕೊನೆಯ ಅಕ್ಷರದವರೆಗೆ, ತಾವೇ ಓದಲಿ. ಗೊತ್ತಿಲ್ಲದ ಕಡೆ ಚುಕ್ಕೆ ಇಡಲಿ. ಆ ಚುಕ್ಕೆಗೆ ಅಂಕ ಕಳೆಯಬೇಡಿ. ಹೇಗೆ ಗೊತ್ತಾಯಿತು ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತರೆ, ನಾನು ಮಾಡಿದಂತೆ ಅವರನ್ನು ಕೂರಿಸಬೇಡಿ.